ಮರಿಜೇಡದ ತುತ್ತು, ಒಡೆಯನ ತಮಾಷೆ

ಬಳ್ಳಾರಿಯ ಗಡಿಯಾಚೆ, ಗುತ್ತಿಯ ರೈಲ್ವೆ ಮರಮುಟ್ಟಿನ ಅಂಗಳದಲ್ಲಿ ಸಿಕ್ಕ ನೀಲಿ ಟರಾಂಟುಲಾ ಜೇಡವನ್ನು ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೋಕಾಕ್ 1899ರಲ್ಲಿ ವಿವರಿಸಿದರು. ನಂದ್ಯಾಲ, ಗಿದ್ದಲೂರುಗಳ ನಡುವಿನ ಕಾಡಿನಲ್ಲಿ ಅದೀಗ ಅಳಿವಿನ ಅಂಚಿನಲ್ಲಿದೆ. ಸೆರೆಯಲ್ಲಿ ಹುಟ್ಟಿದ ಅದರ ಮರಿಗಳು ಮಾತ್ರ ಅಮೆರಿಕದಲ್ಲಿ ಮಾರಾಟದ ಸರಕು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶವೂ ಇದಕ್ಕೆ ಹೊರತಲ್ಲ. ನಿರ್ಲಕ್ಷ್ಯದಿಂದ ಸತ್ತ ಮರಿಯೊಂದು ಇನ್ನೊಂದರ ಖರೀದಿಗೆ ದಾರಿಯಾಗುತ್ತದೆ. ಹಾಗಾಗಿ ಅದರ ತುತ್ತಿನ ಆಯ್ಕೆ ಕ್ಷುಲ್ಲಕ ಸಂಗತಿಯಲ್ಲ.

ಜೀವಂತ ಜೀರುಂಡೆಯ ಮೇಲೆ ಮರಿ ಎರಗುವುದನ್ನು ನೋಡುವ ಆಸೆ ಒಡೆಯನದು, ಮರಿಗಿರುವುದು ಹಸಿವೊಂದೇ. ಬೆರಳುಗುರಿಗಿಂತ ಚಿಕ್ಕ ಮರಿಗೆ ಹಾರಲಾರದ ಹಣ್ಣುನೊಣ, ಇಲ್ಲವೇ ಆಗತಾನೇ ಕತ್ತರಿಸಿದ ಮೀಲ್‌ವರ್ಮ್ ತುಂಡು ಧಾರಾಳ. ಮರಿಗಳು ಸತ್ತದ್ದನ್ನೂ ತಿನ್ನುತ್ತವೆ. ಮಿಕ್ಕಿದ್ದನ್ನು ಮರುದಿನವೇ ತೆಗೆಯದಿದ್ದರೆ ಬೂಷ್ಟು ಹಿಡಿಯುತ್ತದೆ. ಜೀರುಂಡೆಯೇ ಬೇಕೆಂದರೆ ಅದು ಮರಿಯ ಹೊಟ್ಟೆಗಿಂತ ದೊಡ್ಡದಿರಬಾರದು. ಪೊರೆ ಬಿಡುವ ಹೊತ್ತಿನಲ್ಲಂತೂ ಡಬ್ಬಿಯಲ್ಲಿ ಇರಲೇಬಾರದು. ಆಗ ಮೈ ಮೆತ್ತಗಾದ ಜೇಡವನ್ನು ಜೀರುಂಡೆಯೇ ಕಚ್ಚಿ ಕೊಲ್ಲಬಲ್ಲದು.

ಬರ್ಕ್ಲಿಯ ಹಿತ್ತಲಿನ ಹುಳು ‘ಸಹಜ ಆಹಾರ’ವೆಂಬ ಮಾತು ಪ್ರಗತಿಪರರ ಕಿವಿಗೂ ಇಂಪು. ಆದರೆ ನೆರೆಮನೆಯ ಗುಲಾಬಿಗೆ ಸಿಂಪಡಿಸಿದ ಕೀಟನಾಶಕ ಬೇಲಿಯ ಬಳಿ ನಿಲ್ಲುವುದಿಲ್ಲ. ಆ ಹುಳುವನ್ನು ಹಿತ್ತಲಿನಲ್ಲೇ ಬಿಟ್ಟು, ಸಾಕಿ ಬೆಳೆಸಿದ ಹುಳುವನ್ನು ಅಂಗಡಿಯಿಂದ ತರುವುದೇ ಸರಿ.