ಕಂಪ್ಯೂಟರಿನ ತಾಳಜ್ಞಾನ

ಹಾಸನದ ಕಡೆಯ ವಾಚಕಿಯೊಬ್ಬರು ಕಳೆದ ತಿಂಗಳು ನಮಗೊಂದು ದೀರ್ಘವಾದ ಪತ್ರವನ್ನು ಬರೆದಿರುವರು. ಅವರ ಅತ್ತೆಯವರಿಗೆ 84 ವರ್ಷ. ಹಸೆಯ ಹಾಡು, ಆರತಿಯ ಹಾಡು, ಬೀಗರ ಹಾಡು ಮೊದಲಾಗಿ 40ರಷ್ಟು ಹಾಡುಗಳು ಆ ವೃದ್ಧೆಯ ಬಾಯಲ್ಲಿ ಇನ್ನೂ ಉಳಿದಿವೆಯಂತೆ, ಬರೆದಿಟ್ಟ ಪುಸ್ತಕವಿಲ್ಲ. ಬೆಂಗಳೂರಿನಲ್ಲಿರುವ ಮೊಮ್ಮಗನು ರಜೆಯಲ್ಲಿ ಬಂದು, ಅಜ್ಜಿಯನ್ನು ಕುಳ್ಳಿರಿಸಿ, 11 ಹಾಡುಗಳನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಹಿಡಿದನು. ತಂಬೂರಿಯ ನಾದವನ್ನೂ ಪಿಟೀಲಿನ ಎಳೆಯನ್ನೂ ಯಂತ್ರದಿಂದಲೇ ಕೂಡಿಸಿ, ಎಲ್ಲವನ್ನೂ ಮೈಸೂರಿನ ಅಕ್ಕನ ಮನೆಗೆ ಕಳುಹಿಸಿದನು. ಅಲ್ಲಿಯೂ ಅದೇ ಸಾಫ್ಟ್‌ವೇರು, ಅದೇ ಆವೃತ್ತಿ. ಆದರೆ ಹಾಡನ್ನು ತೆರೆದೊಡನೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಸದ್ದು, ಪಿಟೀಲು ಮೂಕ, ಐದು ನಿಮಿಷದೊಳಗಾಗಿ ಪರದೆಯೇ ಸ್ತಬ್ಧ. “ಅಕ್ಕನ ಯಂತ್ರಕ್ಕೆ ತಮ್ಮನ ಯಂತ್ರಕ್ಕಿಂತ ಬೆಲೆ ಹೆಚ್ಚು. ಹೀಗಿರಲು ಕೆಟ್ಟಿರುವುದು ಯಾವುದು? ಇನ್ನೂ ದೊಡ್ಡದೊಂದನ್ನು ಕೊಳ್ಳಬೇಕೇ?” ಎಂದು ಆಕೆ ಕೇಳಿರುವರು.

ಕೊಳ್ಳಬೇಕಾಗಿಲ್ಲ, ಕೆಟ್ಟಿರುವುದು ಬಹುಶಃ ಯಾವುದೂ ಅಲ್ಲ. ಆದರೆ ಅಜ್ಜಿಯ ಹಾಡುಗಳನ್ನು ಈಗ ಇಟ್ಟಿರುವ ರೀತಿಯಲ್ಲಿಯೇ ಇಟ್ಟರೆ ಇನ್ನು ಹತ್ತು ವರ್ಷಗಳಲ್ಲಿ ಅವು ಯಾವ ಯಂತ್ರದಲ್ಲಿಯೂ ತೆರೆಯದೆ ಹೋಗಬಹುದು. ಆದಕಾರಣ ಈ ವಿಷಯವನ್ನು ಸ್ವಲ್ಪ ವಿಸ್ತರಿಸಿ ಬರೆಯುತ್ತೇವೆ.

ಹಾಡನ್ನು ಹಿಡಿದು, ಕತ್ತರಿಸಿ, ಜೋಡಿಸಿ, ಹದಗೊಳಿಸತಕ್ಕ ಈ ಸಾಫ್ಟ್‌ವೇರುಗಳಿಗೆ ಡಿಜಿಟಲ್ ಆಡಿಯೋ ವರ್ಕ್‌ಸ್ಟೇಷನ್ ಎಂದು ಹೆಸರು. ಕ್ಯೂಬೇಸ್, ಲಾಜಿಕ್, ಪ್ರೊ ಟೂಲ್ಸ್, ಏಬಲ್ಟನ್ ಲೈವ್, ರೀಪರ್, ಆರ್ಡರ್ ಮುಂತಾದುವು ಈ ವರ್ಗದವು. ಇವು ಮಾಡುವ ಕೆಲಸವು ಇಷ್ಟೆ: ಧ್ವನಿಯನ್ನು ಸೆಕೆಂಡಿಗೆ 48,000 ಸಲ (ಸಿ.ಡಿ.ಗಳ ಲೆಕ್ಕದಲ್ಲಿ 44,100 ಸಲ) ಅಳೆದು, ಬಂದ ಸಂಖ್ಯೆಗಳನ್ನು ಕೂಡಿಸಿ ಗುಣಿಸಿ, ಮರಳಿ ಧ್ವನಿಯಾಗಿಸಲು ಕಳುಹಿಸುವುದು. ಈ ಸಂಖ್ಯೆಗಳನ್ನು ಒಂದೊಂದಾಗಿ ಹೊರುವುದು ಸಾಧ್ಯವಿಲ್ಲದುದರಿಂದ 128, 256, 512 ಹೀಗೆ ಕಂತೆ ಕಟ್ಟುವರು. ಈ ಕಂತೆಗೆ ಬಫರ್ ಎಂದು ಹೆಸರು. 256ರ ಕಂತೆಯಾದರೆ ಅದು ಮುಗಿದುಹೋಗಲು ಬೇಕಾದ ಕಾಲವು ಒಂದು ಸೆಕೆಂಡಿನ ಸಾವಿರದಲ್ಲಿ ಐದು ಪಾಲಿಗಿಂತ ಕಿಂಚಿತ್ ಹೆಚ್ಚು, ಅಂದರೆ 5.3 ಮಿಲಿಸೆಕೆಂಡು. ಅಷ್ಟರೊಳಗೆ ಮುಂದಿನ ಕಂತೆಯು ಸಿದ್ಧವಾಗಿ ಬಾಗಿಲಲ್ಲಿ ನಿಂತಿರಬೇಕು.

ಅಮರಕೋಶದ ಕಾಲವರ್ಗವನ್ನು ಬಾಲ್ಯದಲ್ಲಿ ಉರುಹೊಡೆದವರಿಗೆ ಈ ಕಾಲದ ಅಳತೆಯನ್ನು ಬೇರೊಂದು ರೀತಿಯಲ್ಲಿ ಹೇಳಬಹುದು. ಅಲ್ಲಿನ ಲೆಕ್ಕದಂತೆ 18 ನಿಮೇಷಕ್ಕೆ ಒಂದು ಕಾಷ್ಠೆ. 30 ಕಾಷ್ಠೆಗೆ ಒಂದು ಕಲೆ. 30 ಕಲೆಗೆ ಒಂದು ಕ್ಷಣ. 12 ಕ್ಷಣಕ್ಕೆ ಒಂದು ಮುಹೂರ್ತ. 30 ಮುಹೂರ್ತಕ್ಕೆ ಒಂದು ಹಗಲಿರುಳು. ಬೇರೆ ಗ್ರಂಥಗಳಲ್ಲಿ ಬೇರೆ ಗಣನೆಗಳುಂಟು, ಅದು ಹಾಗಿರಲಿ. ಅಮರಸಿಂಹನ ಲೆಕ್ಕವನ್ನು ಹಿಡಿದು ಭಾಗಿಸಿದರೆ ಒಂದು ನಿಮೇಷವು ಸುಮಾರು 15 ಮಿಲಿಸೆಕೆಂಡಾಗುವುದು. ಎಂದಮೇಲೆ ನಮ್ಮ ಕಂಪ್ಯೂಟರಿಗೆ ದೊರೆಯುವ ಅವಧಿಯು ನಿಮೇಷದ ಮೂರನೆಯ ಒಂದು ಪಾಲು ಮಾತ್ರ. ಹಾಡುಗಾರನಾದರೆ ತಾಳದ ಸಮಕ್ಕೆ ಸರಿಯಾಗಿ ಎತ್ತಬಹುದು, ಹಿಂದುಮುಂದಾಗಿಯೂ ಎತ್ತಬಹುದು. ಸಮ, ಅತೀತ, ಅನಾಗತ ಎಂಬ ಗ್ರಹಭೇದಗಳನ್ನು ಶಾಸ್ತ್ರವೇ ಒಪ್ಪಿದೆ. ಯಂತ್ರಕ್ಕೆ ಆ ಸ್ವಾತಂತ್ರ್ಯವಿಲ್ಲ. ಒಂದು ಕಂತೆ ತಡವಾಯಿತೆಂದರೆ ಅಲ್ಲಿ ಧ್ವನಿಯು ಹರಿದುಹೋಗುವುದು. ಆ ಹರಿದ ಅಂಚಿನ ಸದ್ದೇ ಮೈಸೂರಿನ ಮನೆಯಲ್ಲಿ ಕೇಳಿಬಂದ ಚಟಪಟ.

ಹಾಗಾದರೆ ಬೆಲೆಬಾಳುವ ಯಂತ್ರವೇ ಏಕೆ ತಪ್ಪಿತು? ಅಂಗಡಿಯಲ್ಲಿ ಕಂಪ್ಯೂಟರಿನ ವೇಗವೆಂದು ಹೇಳುವುದು ಒಟ್ಟು ಕೆಲಸದ ಲೆಕ್ಕ. ಇಲ್ಲಿ ಬೇಕಾದದ್ದು ಒಂದು ಸಲವೂ ತಡಮಾಡದಿರುವ ಗುಣ. ಇವೆರಡೂ ಬೇರೆ ಬೇರೆ. ವರ್ಷವೆಲ್ಲ ಅಂಕಗಳಲ್ಲಿ ಮುಂದಿದ್ದು ಪರೀಕ್ಷೆಯ ದಿನ ಗಂಟೆ ಹೊಡೆದಮೇಲೆ ಓಡಿಬರುವ ಹುಡುಗರನ್ನು ನಾವು ಮೂವತ್ತು ವರ್ಷಗಳ ಉಪಾಧ್ಯಾಯವೃತ್ತಿಯಲ್ಲಿ ಸಾಕಷ್ಟು ನೋಡಿದ್ದೇವೆ. ಕಂಪ್ಯೂಟರಿನೊಳಗೆ ಕಾಲವನ್ನು ಹಂಚುವ ಯಜಮಾನಿಕೆ ಆಪರೇಟಿಂಗ್ ಸಿಸ್ಟಮಿನದು. ವಿಂಡೋಸ್, ಮ್ಯಾಕ್, ಲಿನಕ್ಸ್ ಎಂಬುವು ಇಂತಹ ಯಜಮಾನರ ಹೆಸರುಗಳು. ಆ ಯಜಮಾನನ ಕೈಕೆಳಗೆ, ಒಂದೊಂದು ಭಾಗಕ್ಕೆ ಒಬ್ಬೊಬ್ಬರಂತೆ, ಡ್ರೈವರ್ ಎಂಬ ಮಧ್ಯವರ್ತಿಗಳಿರುವರು. ವೈಫೈಯನ್ನು ನೋಡಿಕೊಳ್ಳುವ ಮಧ್ಯವರ್ತಿಯು ದುಂಡಾವರ್ತಿಯವನಾಗಿ ಪ್ರೊಸೆಸರನ್ನು ಕೆಲವು ಮಿಲಿಸೆಕೆಂಡು ಹಿಡಿದುಕೊಂಡುಬಿಟ್ಟರೆ, ಪತ್ರ ಬರೆಯುತ್ತಿರುವವನಿಗೆ ಅದು ತಿಳಿಯುವುದೇ ಇಲ್ಲ. ಹಾಡು ಕೇಳುತ್ತಿರುವವನಿಗೆ ಕೂಡಲೆ ತಿಳಿಯುವುದು. ಇನ್ನು ಲ್ಯಾಪ್‌ಟಾಪುಗಳು ಬ್ಯಾಟರಿಯ ಉಳಿತಾಯಕ್ಕಾಗಿ ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುವುವು, ಮೈಬಿಸಿಯಾದಾಗಲೂ ಹಾಗೆಯೇ. ಹೀಗಾಗಿ ಅದೇ ಸಾಫ್ಟ್‌ವೇರು ಒಂದು ಮನೆಯಲ್ಲಿ ಸಾಧುವಾಗಿಯೂ ಇನ್ನೊಂದು ಮನೆಯಲ್ಲಿ ಪುಂಡಾಗಿಯೂ ಕಾಣುವುದು.

ಮ್ಯಾಕ್ ಯಂತ್ರಗಳಲ್ಲಿ ಈ ತೊಂದರೆ ಕಡಮೆಯೆಂಬ ಲೋಕಪ್ರತೀತಿಗೆ ಕಾರಣವಿಲ್ಲದಿಲ್ಲ. ಅಲ್ಲಿ ಯಂತ್ರವನ್ನೂ ಯಜಮಾನನನ್ನೂ ಒಂದೇ ಸಂಸ್ಥೆ ಮಾಡುವುದು. ಧ್ವನಿಯ ದಾರಿಯೂ ಒಂದೇ. ವಿಂಡೋಸ್ ನೂರಾರು ತಯಾರಕರ ಯಂತ್ರಗಳಲ್ಲಿ ಸಂಸಾರ ಮಾಡಬೇಕು. ಅದರ ಸಾಮಾನ್ಯ ಮಾರ್ಗದಲ್ಲಿ ಎಲ್ಲ ಪ್ರೋಗ್ರಾಮುಗಳ ಸದ್ದುಗಳನ್ನೂ ಬೆರೆಸುವ ಕಟ್ಟೆಯೊಂದಿದ್ದು ಅಲ್ಲಿ ತಡವಾಗುತ್ತಿದ್ದುದರಿಂದ, ಕ್ಯೂಬೇಸನ್ನು ಮಾಡಿದ ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯವರು 1997ರಲ್ಲಿ ಏಸಿಯೋ ಎಂಬ ಒಳದಾರಿಯನ್ನು ತೆರೆದರು. ಇಂದಿಗೂ ವಿಂಡೋಸಿನಲ್ಲಿ ಸಂಗೀತದ ಕೆಲಸ ಮಾಡುವವರು ಈ ದಾರಿಯನ್ನೇ ಹಿಡಿಯುವರು. ಮೈಸೂರಿನ ಅಕ್ಕನ ಯಂತ್ರದಲ್ಲಿ ಅದನ್ನು ಆರಿಸಿದ್ದಾರೆಯೇ ಎಂಬುದನ್ನು ಮೊದಲು ನೋಡತಕ್ಕದ್ದು. ಲಿನಕ್ಸಿನಲ್ಲಿ ಕಾಲಕ್ಕೆ ತಪ್ಪದೆ ಉತ್ತರಕೊಡುವ ತಿದ್ದುಪಡಿಗಳು ಇಪ್ಪತ್ತು ವರ್ಷಗಳ ಕಾಲ ಹೊರಜಗಲಿಯಲ್ಲಿಯೇ ಬೆಳೆದು 2024ರಲ್ಲಿ ಮೂಲದೊಳಕ್ಕೆ ಸೇರಿದುವು. 1985ರಲ್ಲಿ ಬಂದ ಅಟಾರಿ ಎಸ್.ಟಿ. ಎಂಬ ಪುಟ್ಟ ಯಂತ್ರವನ್ನು ಹಳೆಯ ಸಂಗೀತಗಾರರು ಇನ್ನೂ ಹೊಗಳುವುದುಂಟು. ಅದು ಧ್ವನಿಯನ್ನು ಹಿಡಿಯುತ್ತಿರಲಿಲ್ಲ, ಸ್ವರಗಳ ಆಜ್ಞೆಗಳನ್ನು ಮಾತ್ರ ವಾದ್ಯಗಳಿಗೆ ಕಳುಹಿಸುತ್ತಿತ್ತು. ಒಂದೇ ಕೆಲಸಕ್ಕೆ ಕೂತದ್ದರಿಂದ ಕಾಲವನ್ನು ತಪ್ಪುತ್ತಿರಲಿಲ್ಲ.

ಕಂತೆಯನ್ನು ದೊಡ್ಡದು ಮಾಡಿದರೆ ಯಂತ್ರಕ್ಕೆ ಉಸಿರಾಡಲು ಬಿಡುವು ದೊರೆಯುವುದು. ಆದರೆ ಹಾಡುವವರಿಗೆ ತಮ್ಮ ಧ್ವನಿಯೇ ಕಿವಿಗೆ ತಡವಾಗಿ ಬರುವುದು. ಗಾಳಿಯಲ್ಲಿ ಧ್ವನಿಯು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರು ಚಲಿಸುತ್ತದೆ. ಬರುವಾಗ ಒಂದು ಕಂತೆ, ಹೋಗುವಾಗ ಒಂದು ಕಂತೆ ಎಂದು ಲೆಕ್ಕಹಾಕಿದರೆ, 256ರ ಕಂತೆಯಲ್ಲಿ ಪಕ್ಕವಾದ್ಯದವರು ಮೂರೂವರೆ ಮೀಟರು ದೂರ ಕುಳಿತಂತೆ, ಇದನ್ನು ಸಹಿಸಬಹುದು. 1024ರ ಕಂತೆಯಲ್ಲಿ ಅವರು 14 ಮೀಟರಿಗೂ ಆಚೆ, ರಾಮೋತ್ಸವದ ಚಪ್ಪರದ ಹೊರಗೆ ಕುಳಿತಂತೆ, ಯಾರೂ ಹಾಡಲಾರರು. ಆದರೆ ಅಕ್ಕನ ಮನೆಯಲ್ಲಿ ಯಾರೂ ಹಾಡುತ್ತಿಲ್ಲ, ಹಾಡಿದ್ದನ್ನು ಕೇಳಿ ಹದಗೊಳಿಸುತ್ತಿರುವರಷ್ಟೆ. ಅಲ್ಲಿ 1024ಕ್ಕೆ ಏರಿಸಿದರೆ ನಷ್ಟವೇನೂ ಇಲ್ಲ. ವೈಫೈಯನ್ನು ಆರಿಸಿ, ಚಾರ್ಜರಿನ ತಂತಿಯನ್ನು ಚುಚ್ಚಿ, ಹೀಗೆ ಮಾಡಿ ನೋಡಲಿ. ಹಣವನ್ನು ವೆಚ್ಚಮಾಡುವ ಯೋಚನೆಯನ್ನು ಆಮೇಲೆ ಮಾಡಬಹುದು.

ಇಲ್ಲಿ ಒಂದು ವಿನೋದವನ್ನು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸು ಬಾರದು. ಈ ಯಂತ್ರಗಳಿಗೆ ಕೆಲವೊಮ್ಮೆ ಗದ್ದಲಕ್ಕಿಂತ ಮೌನವೇ ಹೆಚ್ಚು ಭಾರವಾಗುತ್ತಿತ್ತು. ತಂಬೂರಿಯ ನಾದವು ಕ್ಷೀಣಿಸುತ್ತ ಹೋದಂತೆ ಅದರ ಸಂಖ್ಯೆಗಳೂ ಸೂಕ್ಷ್ಮವಾಗುತ್ತ ಶೂನ್ಯವನ್ನು ಸಮೀಪಿಸುವುವು, ಶೂನ್ಯವಾಗುವುದಿಲ್ಲ. ಇಂತಹ ಅತ್ಯಲ್ಪ ಸಂಖ್ಯೆಗಳನ್ನು ಗುಣಿಸುವುದಕ್ಕೆ ಪ್ರೊಸೆಸರು ಬಳಸುದಾರಿಯನ್ನು ಹಿಡಿಯಬೇಕಾಗಿ, ಕೆಲಸವು ಹಲವು ಪಟ್ಟು ನಿಧಾನವಾಗುತ್ತಿತ್ತು. ಪೆಂಟಿಯಮ್ 4 ಎಂಬ ಪ್ರೊಸೆಸರು ಈ ವಿಷಯದಲ್ಲಿ ಕುಪ್ರಸಿದ್ಧ. ಕಿವಿಗೆ ಕೇಳದ ಧ್ವನಿಯ ಶೇಷಕ್ಕಾಗಿ ಕಂಪ್ಯೂಟರು ಬೆವರು ಸುರಿಸುತ್ತಿದ್ದಿತು! ಇಂತಹವನ್ನು ಶೂನ್ಯವೆಂದೇ ಎಣಿಸು ಎಂದು ಸಾಫ್ಟ್‌ವೇರು ಬರೆಯುವವರು ಈಗ ಮೊದಲೇ ಆಜ್ಞೆಮಾಡಿಡುವರು. ಮರೆತವರ ಪ್ಲಗ್-ಇನ್‌ಗಳು ಕೆಲವು ಯಂತ್ರಗಳಲ್ಲಿ ಮಾತ್ರ, ಅದೂ ಹಾಡು ಮುಗಿಯುವ ಹೊತ್ತಿಗೆ, ಮುಗ್ಗರಿಸುವುವು.

ಪ್ಲಗ್-ಇನ್ ಎಂದೆವಷ್ಟೆ. ಮೂಕವಾದ ಪಿಟೀಲಿನ ರಹಸ್ಯವೂ ಅಲ್ಲಿಯೇ ಇದೆ. ಮೊಮ್ಮಗನು ಕೂಡಿಸಿದ ಪಿಟೀಲು ಸಾಫ್ಟ್‌ವೇರಿನ ಸ್ವಂತ ಸೊತ್ತಲ್ಲ. ಬೇರೆಯವರು ಮಾಡಿದ ಸಣ್ಣ ಪ್ರೋಗ್ರಾಮೊಂದನ್ನು ಅದರೊಳಗೆ ಸಿಕ್ಕಿಸಿದ್ದು. ಅದು ಅಕ್ಕನ ಯಂತ್ರದಲ್ಲಿ ಇಲ್ಲದಿದ್ದರೆ ಪಿಟೀಲೂ ಇಲ್ಲ. ಸ್ತಬ್ಧವಾದ ಪರದೆಗೂ ಇಂತಹ ಅತಿಥಿಗಳೇ ಕಾರಣವಾಗಿರುವುದುಂಟು. ಒಂದೇ ಮನೆಯೊಳಗೆ ಇರಿಸಿಕೊಂಡ ಅತಿಥಿಯು ಬಿದ್ದರೆ ಮನೆಯನ್ನೂ ಬೀಳಿಸುವನು. ರೀಪರ್, ಬಿಟ್‌ವಿಗ್ ಮುಂತಾದ ಕೆಲವು ಸಾಫ್ಟ್‌ವೇರುಗಳಲ್ಲಿ ಅವನನ್ನು ಪ್ರತ್ಯೇಕ ಕೊಠಡಿಯಲ್ಲಿಡಲು ಅವಕಾಶವಿದೆ.

ಚಟಪಟ ಸದ್ದಿಗೆ ಪರಿಹಾರವುಂಟು. ನಮಗೆ ಭಯವಾಗುವುದು ಕಾಲಾಂತರದ ವಿಷಯದಲ್ಲಿ. ಆಪಲ್ ಸಂಸ್ಥೆಯವರು 2002ರಲ್ಲಿ ಇಮ್ಯಾಜಿಕ್ ಎಂಬ ಸಂಸ್ಥೆಯನ್ನು ಕೊಂಡುಕೊಂಡರು. ಲಾಜಿಕ್ ಅದರ ಕೃತಿ. ಅಂದಿನಿಂದ ವಿಂಡೋಸಿನಲ್ಲಿ ಲಾಜಿಕ್ ಬೆಳೆಯುವುದು ನಿಂತಿತು. ಅದರಲ್ಲಿ ಹಾಡು ಕಟ್ಟಿದ್ದವರು ಯಂತ್ರವನ್ನೇ ಬದಲಿಸಬೇಕಾಯಿತು, ಇಲ್ಲವೆ ಕೆಲಸವನ್ನು ಬಿಡಬೇಕಾಯಿತು. 2006ರಲ್ಲಿ ಅದೇ ಆಪಲ್ ಪವರ್‌ಪಿಸಿ ಪ್ರೊಸೆಸರುಗಳನ್ನು ಬಿಟ್ಟು ಇಂಟೆಲ್ಲಿಗೆ ಬಂದಿತು. 2019ರ ಕ್ಯಾಟಲೀನಾ ಆವೃತ್ತಿಯಲ್ಲಿ 32 ಬಿಟ್ಟಿನ ಪ್ರೋಗ್ರಾಮುಗಳೆಲ್ಲ ಒಂದೇ ದಿನ ಕೆಲಸಕ್ಕೆ ಬಾರದಾದುವು. ಅವುಗಳೊಡನೆ ಹಳೆಯ ಪ್ಲಗ್-ಇನ್‌ಗಳೂ ಹೋದುವು. 2020ರಲ್ಲಿ ಇಂಟೆಲ್ಲನ್ನೂ ಬಿಡಲಾರಂಭಿಸಿ, ಹಳೆಯ ಪ್ರೋಗ್ರಾಮುಗಳಿಗೆ ರೊಸೆಟ್ಟಾ 2 ಎಂಬ ದ್ವಿಭಾಷಿಯನ್ನು ಒದಗಿಸಿದರು. ದ್ವಿಭಾಷಿಯು ಜಾಣನೇ, ಆದರೆ ಖಾಯಂ ನೌಕರನಲ್ಲ. ವಿಂಡೋಸಿನವರು ನಗುವಂತಿಲ್ಲ. ಅಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದ ಕೇಕ್‌ವಾಕ್ ಸಾಫ್ಟ್‌ವೇರಿನ ಕೆಲಸವನ್ನು ಅದರ ಒಡೆಯರಾದ ಗಿಬ್ಸನ್ ಸಂಸ್ಥೆಯವರು 2017ರ ನವೆಂಬರಿನಲ್ಲಿ ಹಠಾತ್ತಾಗಿ ನಿಲ್ಲಿಸಿದರು; 2018ರಲ್ಲಿ ಬ್ಯಾಂಡ್‌ಲ್ಯಾಬಿನವರು ಕೊಂಡುಕೊಂಡದ್ದರಿಂದ ಅದು ಉಳಿದುಕೊಂಡಿತು.

ಮೊಮ್ಮಗನು ಅಕ್ಕನಿಗೆ ಕಳುಹಿಸಿದ ಮುಖ್ಯ ಕಡತದಲ್ಲಿ ಹಾಡು ಇಲ್ಲವೆಂಬುದನ್ನು ಮನೆಯವರು ತಿಳಿಯಬೇಕು. ಅದರಲ್ಲಿರುವುದು ಅಡುಗೆಯ ಬರಹ: ಈ ಧ್ವನಿಯನ್ನು ಇಲ್ಲಿಂದ ತೆಗೆದುಕೊ, ಆ ಪ್ಲಗ್-ಇನ್ನಿನಿಂದ ಇಷ್ಟು ಒಗ್ಗರಣೆ ಹಾಕು, ಎಂಬಷ್ಟೆ. ಅದೇ ಅಡುಗೆಮನೆ, ಅದೇ ಡಬ್ಬಿಗಳು ಇದ್ದರೆ ಊಟ ಸಿದ್ಧ. ಅವು ಹೋದ ದಿನ ಉಳಿಯುವುದು ಕಾಗದ. ಆದಕಾರಣ, ತಮ್ಮನ ಯಂತ್ರದಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿರುವ ಈಗಲೇ, ಪ್ರತಿಯೊಂದು ಹಾಡಿನ ಪ್ರತಿಯೊಂದು ಎಳೆಯನ್ನೂ, ಅಜ್ಜಿಯ ಕಂಠ ಬೇರೆ, ತಂಬೂರಿ ಬೇರೆ, ಪಿಟೀಲು ಬೇರೆ, ಎಲ್ಲವೂ ಒಂದೇ ಆರಂಭದಿಂದ ಹೊರಡುವಂತೆ, ವೇವ್ ರೂಪದಲ್ಲಿ ಹೊರತೆಗೆದಿಡಬೇಕು. ವೇವ್ 1991ರಿಂದ ಬಳಕೆಯಲ್ಲಿರುವ ಸರಳವಾದ ರೂಪ. ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲವೂ ಓದುವುವು. 24 ಬಿಟ್, 48,000ದ ಲೆಕ್ಕದಲ್ಲಿ ಒಂದು ಎಳೆಗೆ ನಿಮಿಷಕ್ಕೆ 8.64 ಮೆಗಾಬೈಟು, ಐದು ನಿಮಿಷದ ಮೂರು ಎಳೆಗಳ ಹಾಡಿಗೆ 130 ಮೆಗಾಬೈಟು ಆಗದು. ಹನ್ನೊಂದು ಹಾಡುಗಳೂ ಸಣ್ಣದೊಂದು ಪೆನ್‌ಡ್ರೈವಿನಲ್ಲಿ ಹಿಡಿಯುವುವು. ಎರಡು ಪ್ರತಿಗಳನ್ನು ಎರಡು ಮನೆಗಳಲ್ಲಿಡಲಿ.

ಉಳಿದ ಹಾಡುಗಳನ್ನು ಹಿಡಿದು ಮುಗಿಸುವವರೆಗೆ ತಮ್ಮನ ಲ್ಯಾಪ್‌ಟಾಪು “ಹೊಸ ಆವೃತ್ತಿ ಬಂದಿದೆ” ಎಂದು ಎಷ್ಟು ಸಲ ಕರೆದರೂ ದೊಡ್ಡ ಬದಲಾವಣೆಗೆ ಒಪ್ಪಬಾರದು. ರಕ್ಷಣೆಗಾಗಿ ಬರುವ ಸಣ್ಣ ತಿದ್ದುಪಡಿಗಳನ್ನು ಹಾಕಿಕೊಳ್ಳಲಿ. ಅವನ್ನೂ ಅಜ್ಜಿಯನ್ನು ಕೂರಿಸಿಕೊಂಡಿರುವ ದಿನ ಬೇಡ.

ಪಿಟೀಲನ್ನು ನಾಳೆ ಮತ್ತೊಬ್ಬರು ನುಡಿಸಿಯಾರು, ತಂಬೂರಿಯನ್ನು ಎಂದು ಬೇಕಾದರೂ ಶ್ರುತಿಮಾಡಿಕೊಳ್ಳಬಹುದು. ಆದ್ದರಿಂದ ಅಜ್ಜಿಯ ಕಂಠದ ಎಳೆಯನ್ನು, ಯಾವ ಅಲಂಕಾರವನ್ನೂ ಬೆರೆಸದೆ, ಎಲ್ಲಕ್ಕಿಂತ ಮೊದಲು ತೆಗೆದಿಡಬೇಕು. ಸೊಸೆಯಾದವರು ಅದರೊಡನೆ ಒಂದು ನೋಟುಪುಸ್ತಕವನ್ನೂ ಇಟ್ಟು, ಹಾಡಿನ ಪೂರ್ಣಪಾಠ, ಯಾವ ಶಾಸ್ತ್ರಕ್ಕೆ ಹೇಳುವ ಹಾಡು, ಅತ್ತೆಯವರು ಅದನ್ನು ಯಾರಿಂದ ಕಲಿತರು, ಹಿಡಿದ ತಾರೀಖು ಇವುಗಳನ್ನು ಬರೆದಿಡಲಿ. ನಲವತ್ತರಲ್ಲಿ ಹನ್ನೊಂದು ಆಗಿವೆ. ಇನ್ನೂ ಇಪ್ಪತ್ತೊಂಬತ್ತು ಉಳಿದಿವೆ. ಮೊಮ್ಮಗನಿಗೆ ಮುಂದಿನ ರಜೆ ಯಾವಾಗ ಎಂಬುದನ್ನು ಪತ್ರದಲ್ಲಿ ತಿಳಿಸಿಲ್ಲ.