ಪಾನಗೃಹದ ಪ್ರೇತಗಳು

ದೆವ್ವಗಳಲ್ಲಿ ನಂಬಿಕೆ ಕುಗ್ಗಿದಂತೆಲ್ಲ ಅವುಗಳ ವ್ಯಾಪಾರ ಹೆಚ್ಚುತ್ತಿರುವುದು ನಮ್ಮ ಕಾಲದ ವಿಚಿತ್ರಗಳಲ್ಲೊಂದು. ನಂಬುತ್ತಿದ್ದವನು ದೆವ್ವವಿರುವ ಬೀದಿಯನ್ನು ಬಿಟ್ಟು ಸುತ್ತುಬಳಸಿ ಹೋಗುತ್ತಿದ್ದ. ನಂಬದವನು ಹಣ ತೆತ್ತು ಅದೇ ಬೀದಿಯನ್ನು ಹುಡುಕಿಕೊಂಡು ಬರುತ್ತಾನೆ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಸಂಜೆಯಾಯಿತೆಂದರೆ ಕರಿಯ ನಿಲುವಂಗಿ ತೊಟ್ಟ ಮಾರ್ಗದರ್ಶಕರು ಇಂಥವರ ಗುಂಪು ಕಟ್ಟಿಕೊಂಡು ಹೊರಡುತ್ತಾರೆ. ಒಂದು ಪಾನಗೃಹ, ಒಂದು ಕಥೆ, ಒಂದು ಲೋಟ. ಅನಂತರ ಮುಂದಿನ ಪಾನಗೃಹ. ಅಂಥ ಗುಂಪೊಂದರಲ್ಲಿ ನಾನೂ ನಡೆದಿದ್ದೇನೆ. ಈ ವಿನೋದವನ್ನು ಹಳಿಯುವ ಉದ್ದೇಶ ನನಗಿಲ್ಲ. ಆದರೆ ಇಲ್ಲಿ ನಗುವವರು ಯಾರು, ನಗೆಗೆ ವಸ್ತುವಾದವರು ಯಾರು ಎಂದು ವಿಚಾರಿಸಬೇಕೆನಿಸುತ್ತದೆ.

ಕೋಟೆಯ ಬಂಡೆಯ ಕೆಳಗೆ ಗ್ರಾಸ್‌ಮಾರ್ಕೆಟ್ ಎಂಬ ಚೌಕವುಂಟು. ಹಿಂದೆ ಅದು ದನದ ಸಂತೆ. 1784ರವರೆಗೆ ನೇಣಿನ ಬಯಲೂ ಹೌದು. ಅಲ್ಲಿಯ ಒಂದು ಪಾನಗೃಹದ ಹೆಸರು 'ದ ಲಾಸ್ಟ್ ಡ್ರಾಪ್'. ಇಂಗ್ಲಿಷಿನ 'ಡ್ರಾಪ್' ಎಂಬ ಮಾತಿಗೆ ಹನಿಯೆಂದೂ ಅರ್ಥ, ಬೀಳುವಿಕೆಯೆಂದೂ ಅರ್ಥ. ಶ್ಲೇಷೆ ಚಮತ್ಕಾರದ್ದೇ ಸರಿ. ಅದೇ ಚೌಕದಲ್ಲಿ, ಧರ್ಮದ ವಿಷಯದಲ್ಲಿ ಅರಸನ ಅಧಿಕಾರವನ್ನೊಪ್ಪದೆ 1661ರಿಂದ 1688ರೊಳಗೆ ಪ್ರಾಣ ತೆತ್ತ ನೂರಕ್ಕೂ ಹೆಚ್ಚು ಮಂದಿಯ ಸ್ಮಾರಕವಿದೆ. ನಮ್ಮ ಗುಂಪು ಅದರ ಮುಂದೆ ನಿಲ್ಲಲಿಲ್ಲ. ಮತಕ್ಕಾಗಿ ಸತ್ತವರ ಕಥೆ ಕೇಳಿ ಯಾರಿಗೂ ಮೈ ಜುಮ್ಮೆನ್ನುವುದಿಲ್ಲವೇನೋ!

ಅಲ್ಲಿಂದ ಕೆಲವೇ ಹೆಜ್ಜೆಗೆ ಮ್ಯಾಗಿ ಡಿಕ್ಸನ್ ಹೆಸರಿನ ಪಾನಗೃಹ. 1724ರಲ್ಲಿ ಈಕೆಯನ್ನು ಗಲ್ಲಿಗೇರಿಸಿದರು. ಶವಪೆಟ್ಟಿಗೆ ಊರಿಗೆ ಸಾಗುತ್ತಿದ್ದಾಗ ಒಳಗೆ ಸದ್ದಾಯಿತು; ಮ್ಯಾಗಿ ಎದ್ದು ಕುಳಿತಳು; ಇನ್ನೂ ಹಲವು ವರ್ಷ ಬದುಕಿದಳು. ಕೇಳಿದವರೆಲ್ಲ ನಕ್ಕರು. ಆಕೆಗೆ ನೇಣು ಏತಕ್ಕಾಯಿತೆಂದು ಕೇಳಿದ್ದರೆ ನಗು ನಿಲ್ಲುತ್ತಿತ್ತು. ಗರ್ಭವನ್ನು ಮುಚ್ಚಿಟ್ಟು, ಹೆರಿಗೆಗೆ ಯಾರನ್ನೂ ಕರೆಯದ ಹೆಣ್ಣಿನ ಮಗು ಸತ್ತಿದ್ದರೆ ಅವಳನ್ನು ಕೊಲೆಗಾತಿಯೆಂದೇ ಎಣಿಸುವ ಕಾಯಿದೆಯೊಂದು 1690ರಲ್ಲಿ ಬಂದಿತ್ತು. ಕೊಂದಳೆಂದು ಯಾರೂ ಸಾಧಿಸಿ ತೋರಿಸಬೇಕಾಗಿರಲಿಲ್ಲ. ಆ ಕಾಯಿದೆ ಹೋದದ್ದು 1809ರಲ್ಲಿ. ಪೆಟ್ಟಿಗೆಯಿಂದ ಎದ್ದು ಬಂದವಳು ಒಬ್ಬಳು; ಏಳದೆ ಮಣ್ಣಾದವರ ಹೆಸರಿನಲ್ಲಿ ಪಾನಗೃಹವಿಲ್ಲ.

ಇನ್ನು ಬರ್ಕ್ ಮತ್ತು ಹೇರ್. ಇವರು ವೈಟ್ ಹಾರ್ಟ್ ಇನ್ನಿಗೆ ಬರುತ್ತಿದ್ದರೆಂದು ಮಾರ್ಗದರ್ಶಕರು ಹೇಳುತ್ತಾರೆ. ಬಾಡಿಗೆ ಬಾಕಿಯಿಟ್ಟು ಸತ್ತ ಮುದುಕನೊಬ್ಬನ ಹೆಣವನ್ನು ಅಂಗರಚನಾ ಪಾಠದ ಡಾಕ್ಟರ್ ರಾಬರ್ಟ್ ನಾಕ್ಸ್ ಅವರ ಶಾಲೆಗೆ ಮಾರಿ 7 ಪೌಂಡು 10 ಷಿಲಿಂಗು ಪಡೆದರು. ಸಾವಿಗೆ ಕಾಯುವುದೇಕೆ ಎನಿಸಿತು. 1828ರಲ್ಲಿ 16 ಮಂದಿಯನ್ನು ಕೊಂದರು. ಮದ್ಯ ಕುಡಿಸುವುದು, ಮೈಮರೆತಾಗ ಉಸಿರು ಕಟ್ಟಿಸುವುದು: ಇದೇ ಅವರ ವಿಧಾನ. ಹೆಣದ ಬೆಲೆ ಬೇಸಗೆಯಲ್ಲಿ 8 ಪೌಂಡು, ಚಳಿಗಾಲದಲ್ಲಿ 10. ಹೇರ್ ಸಾಕ್ಷಿ ನುಡಿದು ಪಾರಾದ; ನಾಕ್ಸ್ ಮೇಲೆ ಮೊಕದ್ದಮೆಯೇ ಆಗಲಿಲ್ಲ; ಬರ್ಕ್ 1829ರ ಜನವರಿಯಲ್ಲಿ ನೇಣಿಗೇರಿದ. ಅವನ ಎಲುಬುಗೂಡು ಇಂದಿಗೂ ಅಲ್ಲಿಯ ವಿಶ್ವವಿದ್ಯಾನಿಲಯದ ಸಂಗ್ರಹಾಲಯದಲ್ಲಿದೆ.

ಸತ್ತವರು ಯಾರು? ಉಪ್ಪು ಮಾರುತ್ತಿದ್ದ ಅಬಿಗೇಲ್ ಸಿಂಪ್ಸನ್, ಬೂದಿ ಕೆದಕಿ ಹೊಟ್ಟೆ ಹೊರೆಯುತ್ತಿದ್ದ ಎಫಿ, ಬೀದಿಬೀದಿಯಲ್ಲೂ ಪರಿಚಿತನಾಗಿದ್ದ ಮುಗ್ಧ ತರುಣ ಜೇಮ್ಸ್ ವಿಲ್ಸನ್, ಐರ್ಲೆಂಡಿನಿಂದ ಬಂದ ಮಾರ್ಗರೆಟ್ ಡಾಕರ್ಟಿ. ಇನ್ನು ಕೆಲವರ ಹೆಸರೂ ಉಳಿದಿಲ್ಲ. ಹುಡುಕಿಕೊಂಡು ಬರುವವರಿಲ್ಲವೆಂಬುದೇ ಅವರು ಮಾಡಿದ ಅಪರಾಧ. ಈ ಹತ್ಯೆಗಳಿಂದ ಬೆದರಿದ ಪಾರ್ಲಿಮೆಂಟು 1832ರಲ್ಲಿ ಅಂಗರಚನಾ ಕಾಯಿದೆ ಮಾಡಿತು. ಅದುವರೆಗೆ ಕೊಲೆಗಾರನ ಹೆಣವನ್ನು ಸೀಳುವುದು ನ್ಯಾಯಾಲಯ ವಿಧಿಸುತ್ತಿದ್ದ ಶಿಕ್ಷೆಯಾಗಿತ್ತು. ಅಂದಿನಿಂದ ಬಡವರ ಆಶ್ರಯಗೃಹಗಳಲ್ಲಿ ಸತ್ತು, ಬಂಧುಗಳು ಕೇಳದೆ ಉಳಿದ ಹೆಣಗಳು ಶಾಲೆಗೆ ಹೋದವು. ಹೆಣದ ಕಳ್ಳತನ ನಿಂತಿತು; ಬಡತನ ಕೊಲೆಗಾರನ ಪೀಠವೇರಿತು.

ರಜೆಯಲ್ಲಿ ಬಂದವರಿಗೆ ಇಷ್ಟೆಲ್ಲ ಏಕೆ, ಮಾರ್ಗದರ್ಶಕನೂ ಹೊಟ್ಟೆ ಹೊರೆಯಬೇಡವೆ ಎಂದು ಕೇಳಬಹುದು. ನ್ಯಾಯವಾದ ಮಾತೇ. ಅರಮನೆ, ಇಗರ್ಜಿಗಳನ್ನು ತೋರಿಸುವವರು ಉಪ್ಪು ಮಾರುವವಳ ಸುದ್ದಿಯನ್ನೇ ಎತ್ತುವುದಿಲ್ಲ. ಅವಳಿಗೆ ಪ್ರವೇಶವಿರುವುದು ದೆವ್ವದ ಕಥೆಯಲ್ಲಿ ಮಾತ್ರ. ಆ ಮಟ್ಟಿಗೆ ಪಾನಗೃಹಗಳು ಇತಿಹಾಸಕಾರನಿಗಿಂತ ಉದಾರಿಗಳು. ಆದ್ದರಿಂದಲೇ ಅಲ್ಲಿ ಹೇಳುವ ಕಥೆ ಪೂರ್ತಿಯಾಗಿರಬೇಕು. ಕೊಂದವನ ಹೆಸರಿನೊಡನೆ ಸತ್ತವರ ಹೆಸರೂ, ಹೆಣಕ್ಕೆ ಸಂದ ಬೆಲೆಯೂ, ಪೆಟ್ಟಿಗೆಯಲ್ಲಿ ಮಲಗಿಸಿದ ಕಾಯಿದೆಯೂ ಬರಬೇಕು. ಇದರಿಂದ ರಸಭಂಗವಾಗದು, ಕತ್ತಲೆಯ ಮೂಲೆಯಲ್ಲಿ ಕಾಣುವ ಬಿಳಿಯ ಸೀರೆಗಿಂತ 7 ಪೌಂಡು 10 ಷಿಲಿಂಗೆಂದು ಬರೆದ ಲೆಕ್ಕ ಹೆಚ್ಚು ಭಯಂಕರ.

ನಮ್ಮ ವಿದ್ಯಾರ್ಥಿಗಳು ಇಂದು ಆ ನಗರಕ್ಕೆ ಓದಲು ಹೋಗುತ್ತಾರೆ. ಅವರಲ್ಲಿ ಕೆಲವರಾದರೂ ಒಂದು ಸಂಜೆ ಈ ನಡಿಗೆಗೆ ಸೇರಿಯಾರು. ಸೇರಲಿ. ಬರ್ಕನ ಕಥೆ ಮುಗಿದು ಎಲ್ಲರೂ ಲೋಟ ಎತ್ತುವ ಮುನ್ನ, ಆ ಹದಿನಾರು ಮಂದಿ ಯಾರೆಂದು ಮಾರ್ಗದರ್ಶಕನನ್ನು ಒಮ್ಮೆ ಕೇಳಲಿ.