ದಯೆಯಿಂದ ದೊರೆತದ್ದು, ಹಕ್ಕಿನಿಂದ ದೊರೆತದ್ದು

ಪ್ರಜೆಗಳ ಹಕ್ಕುಗಳನ್ನು ಸಂವಿಧಾನದಲ್ಲಿ ಬರೆದಿಡುವುದು ಅವಶ್ಯವೇ? ಆಸ್ಟ್ರೇಲಿಯಾದಂತಹ ಪ್ರಜಾಪ್ರಭುತ್ವ ದೇಶದಲ್ಲಿ ರಾಷ್ಟ್ರಮಟ್ಟದ ಹಕ್ಕುಪಟ್ಟಿ ಇಂದಿಗೂ ಇಲ್ಲ. ಒಳ್ಳೆಯ ಸಂಸತ್ತು, ಒಳ್ಳೆಯ ಸಂಪ್ರದಾಯ ಇದ್ದರೆ ಸಾಕು, ಪಟ್ಟಿಯೇಕೆ ಎಂಬುದು ಹಳೆಯ ವಾದ. 1928ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಸೇರಿದ ಸರ್ವಪಕ್ಷ ಸಮ್ಮೇಳನವು ನೇಮಿಸಿದ ಮೋತಿಲಾಲ್ ನೆಹರೂ ಸಮಿತಿ, ಮೂಲಭೂತ ಹಕ್ಕುಗಳನ್ನು ಸಂವಿಧಾನದಲ್ಲಿಯೇ ಸೇರಿಸಬೇಕೆಂದು ಹೇಳಿತು. 1930ರ ಸೈಮನ್ ಆಯೋಗದ ವರದಿ ಇಂತಹ ಘೋಷಣೆಗಳಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದಿತು.

ಕನ್ನಡ ಜೈನರಿಗೆ ಈ ಪ್ರಶ್ನೆ ಹೊಸದಲ್ಲ. ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ನಾಡಿನ ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. 1368ರ ಶ್ರವಣಬೆಳಗೊಳದ ಶಾಸನದ ಪ್ರಕಾರ ಅರಸನು ಜೈನರ ಕೈಯನ್ನು ವೈಷ್ಣವರ ಕೈಗೆ ಒಪ್ಪಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು; ಪಂಚಮಹಾವಾದ್ಯ ಹಾಗೂ ಕಲಶದ ಅಧಿಕಾರವನ್ನು ಜೈನರಿಗೆ ಸ್ಥಿರಪಡಿಸಿದನು. ಅದು ಸ್ಮರಣೀಯವಾದ ನ್ಯಾಯ. ಆದರೆ ಅದು ದೊರೆಯ ದಯೆ. ಮುಂದಿನ ದೊರೆ ಅದನ್ನು ಮೀರಿದ್ದರೆ ಅವನನ್ನು ಕೇಳುವ ಪೀಠವಿರಲಿಲ್ಲ.

ಅಂತಹ ಪೀಠ ದೊರೆತುದರ ಫಲ 1954ರಲ್ಲಿ ಕಂಡಿತು. 1950ರ ಬಾಂಬೆ ಸಾರ್ವಜನಿಕ ನ್ಯಾಸಗಳ ಕಾಯಿದೆಯು ಚಾರಿಟಿ ಕಮಿಷನರನ್ನೇ ಧಾರ್ಮಿಕ ಟ್ರಸ್ಟಿನ ಟ್ರಸ್ಟಿಯಾಗಿ ನೇಮಿಸಲು ಅವಕಾಶ ನೀಡಿತ್ತು. ಮೂಲ ಉದ್ದೇಶ ಇನ್ನೂ ನೆರವೇರುವಂತಿದ್ದರೂ ಟ್ರಸ್ಟಿನ ಹಣವನ್ನು ಬೇರೆಡೆಗೆ ತಿರುಗಿಸಲು ದಾರಿ ತೆರೆದಿತ್ತು. ದೇವದ್ರವ್ಯವನ್ನು ಅನ್ಯ ಕಾರ್ಯಕ್ಕೆ ಬಳಸಬಾರದೆಂದು ನಂಬುವ ಸಮಾಜಕ್ಕೆ ಇದು ಧರ್ಮದ ಬುಡಕ್ಕೇ ತಗಲುವ ಮಾತು. ಜೈನ ದೇವಾಲಯವೊಂದರ ವಹಿವಾಟುದಾರರಾದ ರತಿಲಾಲ್ ಪಾನಾಚಂದ್ ಗಾಂಧಿ ಹಾಗೂ ಮುಂಬಯಿಯ ಪಾರ್ಸಿ ಪಂಚಾಯತಿನ ಟ್ರಸ್ಟಿಗಳು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 25 ಮತ್ತು 26ನೆಯ ವಿಧಿಗಳ ಬಲದಿಂದ ನ್ಯಾಯಾಲಯವು ಆ ಅಧಿಕಾರಗಳನ್ನು ಅಸಿಂಧುಗೊಳಿಸಿತು. ಟ್ರಸ್ಟುಗಳ ನೋಂದಣಿ, ಲೆಕ್ಕಪತ್ರ, ಲೆಕ್ಕಪರಿಶೋಧನೆಯ ವ್ಯವಸ್ಥೆಯೂ ಅದರ ವೆಚ್ಚಕ್ಕಾಗಿ ವಿಧಿಸಿದ ಶುಲ್ಕವೂ ಉಳಿದವು. ಸರಕಾರ ಲೆಕ್ಕ ಕೇಳಬಹುದು, ಧರ್ಮದ ಯಜಮಾನಿಕೆ ಕೇಳಲಾಗದು ಎಂಬ ಗೆರೆ ಅಂದು ಸ್ಪಷ್ಟವಾಯಿತು. ಬರೆದ ಪಟ್ಟಿ ಇರದಿದ್ದರೆ ಶಾಸನಸಭೆಯ ಬಹುಮತವೇ ಕೊನೆಯ ಮಾತಾಗುತ್ತಿತ್ತು. ಸಂಖ್ಯೆಯಲ್ಲಿ ಅಲ್ಪವಾದ ಸಮಾಜಕ್ಕೆ ಹಕ್ಕುಪಟ್ಟಿ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಆ ಪಟ್ಟಿಯಲ್ಲಿ ಇರುವುದು ಎರಡೇ ವಿಧಿಗಳಲ್ಲ. ಮುಂಬಯಿಯ ಬೈಕುಲ್ಲಾದಲ್ಲಿ ಶೇಠ್ ಮೋತಿಶಾ ಕಟ್ಟಿಸಿದ ಆದಿನಾಥ ಜಿನಾಲಯವಿದೆ. ಅದೇ ಬೈಕುಲ್ಲಾದಲ್ಲಿ ಮಹಿಳಾ ಕಾರಾಗೃಹವೂ ಇದೆ. ಜಿನಾಲಯವನ್ನು ಕಾಯುವುದು 26ನೆಯ ವಿಧಿಯಾದರೆ, ಸೆರೆಯಲ್ಲಿರುವ ಹೆಣ್ಣುಮಗಳನ್ನು ಕಾಯಬೇಕಾದುದು ಜೀವ ಮತ್ತು ಸ್ವಾತಂತ್ರ್ಯದ 21ನೆಯ ವಿಧಿ. 2022ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿದ್ದ ಸುಮಾರು 5.73 ಲಕ್ಷ ಮಂದಿಯಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ಅವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಜಾಮೀನು ಮಂಜೂರಾದ ಮೇಲೂ ಜಾಮೀನುದಾರ ಸಿಗದೆ, ಹಣ ಹೊಂದದೆ ಒಳಗೇ ಉಳಿಯುವವರಿದ್ದಾರೆ. ಟ್ರಸ್ಟಿಗೆ ವಕೀಲರಿದ್ದಾರೆ, ಲೆಕ್ಕಿಗರಿದ್ದಾರೆ. ಅವರಿಗೆ ಯಾರಿದ್ದಾರೆ?

ಅದು ಪರರ ಸಂಗತಿ ಎನ್ನುವವರು 1976ನ್ನು ನೆನೆಯಬೇಕು. ತುರ್ತುಪರಿಸ್ಥಿತಿಯಲ್ಲಿ ಬಂಧಿತನಾದವನು ತನ್ನ ಸ್ವಾತಂತ್ರ್ಯಕ್ಕಾಗಿ ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವೇ ತೀರ್ಪಿತ್ತಿತು. ಪೀಠದ ಐವರಲ್ಲಿ ಭಿನ್ನಮತ ಬರೆದವರು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ. ಪಟ್ಟಿ ಆಗಲೂ ಅಲ್ಲಿಯೇ ಇತ್ತು, ಅದನ್ನು ಜಾರಿಗೆ ತರುವ ಧೈರ್ಯ ಇರಲಿಲ್ಲ. 1978ರ 44ನೆಯ ತಿದ್ದುಪಡಿಯ ನಂತರ 20 ಮತ್ತು 21ನೆಯ ವಿಧಿಗಳ ಜಾರಿಯನ್ನು ತುರ್ತುಪರಿಸ್ಥಿತಿಯಲ್ಲಿಯೂ ಅಮಾನತುಗೊಳಿಸಲಾಗದು. ಆದರೂ ಸೈಮನ್ ವರದಿಯ ಸಂದೇಹದಲ್ಲಿ ಇಷ್ಟು ಸತ್ಯವಿದೆ: ಬಳಸುವವರೂ ಕೇಳುವವರೂ ಇಲ್ಲದ ಹಕ್ಕು ಕಾಗದದಲ್ಲಿಯೇ ಸೊರಗುತ್ತದೆ. ತನ್ನ ಬಸದಿಗೆ ಧಕ್ಕೆ ಬಂದಾಗ ಮಾತ್ರ ಸಂವಿಧಾನವನ್ನು ನೆನೆಯುವ ಸಮಾಜವೂ ಆ ಸೊರಗುವಿಕೆಗೆ ಪಾಲುದಾರ.

ಮಾಡಬಹುದಾದ ಕೆಲಸವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ, ಮೊದಲ ಬಾರಿಗೆ ಆರೋಪಕ್ಕೊಳಗಾದವರು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಸೆರೆಯಲ್ಲಿ ಕಳೆದಿದ್ದರೆ, ಕೆಲವು ಷರತ್ತುಗಳಿಗೊಳಪಟ್ಟು, ಬಾಂಡಿನ ಮೇಲೆ ಬಿಡುಗಡೆಗೆ ಅರ್ಹರು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸದು. ಇದಕ್ಕೆ ದೇವದ್ರವ್ಯವನ್ನು ಮುಟ್ಟಬೇಕಾಗಿಲ್ಲ, ಮುಟ್ಟಲೂಬಾರದು. ಆದರೆ ಅನುಕಂಪಾದಾನದ ಖಾತೆಗಳಿವೆ. ಟ್ರಸ್ಟ್ ಡೀಡಿನ ಉದ್ದೇಶಗಳು ಒಪ್ಪುವಲ್ಲಿ ಜಾಮೀನಿನ ಮೊತ್ತಕ್ಕೂ ಕಾನೂನು ನೆರವಿಗೂ ಅವುಗಳಿಂದ ಪಾಲು ತೆಗೆದಿಡಬಹುದು. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವನ್ನು ನಾಲ್ಕಾಗಿ ಎಣಿಸಿದ ಪರಂಪರೆಯಲ್ಲಿ ಮೊದಲ ಮೂರಕ್ಕೆ ವಾರ್ಷಿಕ ವರದಿಗಳಲ್ಲಿ ಅಂಕಿಗಳು ಸುಲಭವಾಗಿ ಕಾಣುತ್ತವೆ. ಮನುಷ್ಯರಿಗೆ ಸಲ್ಲಬೇಕಾದ ಅಭಯದ ಸಾಲನ್ನು ತೆರೆಯಲು ಮುಂದಿನ ಮಹಾಸಭೆಯಲ್ಲಿ ಒಂದು ಠರಾವು ಸಾಕು.